ಹಿಟ್ಟಿನಾಗ ಕಲಿತ ಅಕ್ಷರ

ಕಂಪ್ಲಿ ಸಾಲಿಗೆ ಕಲಿಸಾಕ ಬಂದ ಹೆಣ್ಮಗಳನ್ನ ಎಲ್ಲಾರೂ ಟೀಚರಮ್ಮ ಅಂತಿದ್ರು. ಹಂಗಂದ್ರೇನ್ರಿ ಅಂತ ನಾ ಅವರನ್ನ ಕೇಳಿದ್ದಕ್ಕ, "ಇಂಗ್ಲಿಷ್ ಮಾತವ್ವ. ಹಳೇ ಕಾಲಕ್ಕ ಅದರ ಮೂಲದಾಗ 'ತೋರಿಸು' ಅನ್ನೋ ಅರ್ಥ ಇತ್ತಂತ" ಅಂದ್ರು. ನಮಗ ತಿಳೀದಿದ್ರ ಬೈತಿರಲಿಲ್ಲ. "ತಾ ಇಲ್ಲಿ, ತೋರಸ್ತೀನಿ" ಅಂತ ಬಳಪ ಇಸ್ಕೊಳ್ಳೋರು.

ನಾ ಮೈನೆರೆದಾಗ ಅವ್ವ ಸಾಲಿ ಬಿಡಿಸಿದ್ಲು. ಟೀಚರಮ್ಮ ಮನೀಗೇ ಬಂದ್ರು.

"ಇಕಿ ಸಾಲಿಗೆ ಬಂದ್ರ ರೊಟ್ಟಿ ನೀವು ಬಡೀತೀರೇನ್ರಿ?" ಅಂದ್ಲು ಅವ್ವ.

"ತರ್ರಿ, ತೋರಸ್ತೀನಿ."

ಒಲಿ ಮುಂದ ಕುಂತು, ಹರವಿದ ಜೋಳದ ಹಿಟ್ಟಿನಾಗ ಬೆರಳಿಂದ ಒಂದು ಅಕ್ಷರ ಬರೆದು, ಅದರ ಮ್ಯಾಲೇ ರೊಟ್ಟಿ ಬಡಿದ್ರು. ರೊಟ್ಟಿ ಸೊಟ್ಟಾತು. ಅವ್ವ ನಕ್ಕಳು, ಆದ್ರ ಹಿಂಗ ಮನ್ಯಾಗ ಕಲಿಸೋದು ಬ್ಯಾಡ ಅನ್ನಲಿಲ್ಲ.

ಆಮ್ಯಾಲ ಟೀಚರಮ್ಮ ದಿನಾ ಸಾಲಿಗೆ ಹೋಗೋ ಮುಂದ ಬಂದು, ನನಗ ಇನ್ನೂ ಬಾರದ ಒಂದಕ್ಷರ ಹಿಟ್ಟಿನಾಗ ತೋರಿಸಿ ಹೋಗೋರು. ಸಾಲಿ ಮೆಟ್ಟಿಲು ನಾ ಮತ್ತ ಹತ್ತಲಿಲ್ಲ. ಈ ಕತಿ ಮಾತ್ರ ನಾನ ನನ್ನ ಕೈಯಾರ ಬರೆದೀನಿ.