ಡಿಕ್ಕಿ ಮೇಷ್ಟ್ರು
ಬೀದಿಯವರೆಲ್ಲ ಅವರನ್ನು ಡಿಕ್ಕಿ ಮೇಷ್ಟ್ರು ಎಂದೇ ಕರೆಯುವುದು. ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಈ ಬಿರುದು ಬಂದದ್ದು ಅವರ ಅಜ್ಜನ ಕಾಲದ ಕಾರಿನಿಂದ. ಅದರ ಡಿಕ್ಕಿಯ ಕೀಲುಗಳು ಸೋತುಹೋಗಿ, ಎತ್ತಿದ ಮುಚ್ಚಳ ಕೈಬಿಟ್ಟ ಕೂಡಲೇ ದೊಪ್ಪನೆ ಬೀಳುತ್ತಿತ್ತು. ಕಾಯಿಲೆಯ ಹೆಂಡತಿಯನ್ನು ಸಂಜೆ ಕೆರೆದಂಡೆಗೆ ಕರೆದೊಯ್ಯುವಾಗ, ಆಕೆಯ ಗಾಲಿಕುರ್ಚಿಯನ್ನು ಎರಡೂ ಕೈಯಲ್ಲಿ ಒಳಗಿಡುತ್ತ ಮುಚ್ಚಳವನ್ನು ತಲೆಯಲ್ಲೇ ತಡೆದುಕೊಳ್ಳುತ್ತಿದ್ದರು; ಆ ಬೋಳುತಲೆಯ ಗಾಯ ಮಾಯುವ ಮಾತೇ ಇರಲಿಲ್ಲ. "ಒಂದು ಕೋಲು ಕೊಟ್ಟು ನಿಲ್ಲಿಸಿ ಸಾರ್" ಎಂದವರಿಗೆಲ್ಲ ಒಂದೇ ಉತ್ತರ: "ಇದೇನು ಕೋಳಿಗೂಡೇನ್ರೀ?" ಈಗೀಗ ಬೆಳಗಾದರೆ ಸಾಕು, ಸ್ಪ್ಯಾನರ್ ಹಿಡಿದು ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಸ್ಪ್ರಿಂಗಿಗೂ ತುಕ್ಕಿಗೂ ಏಕವಚನದಲ್ಲಿ ಬೈಯುತ್ತಾರೆ. ತಂದಿಟ್ಟ ಕಾಫಿ ಆರಿ ತಣ್ಣಗಾಗುತ್ತದೆ, ಅಂಗಿಯೆಲ್ಲ ಗ್ರೀಸಾಗುತ್ತದೆ. ಮೊನ್ನೆ ಪಕ್ಕದ ಮನೆಯ ದರ್ಜಿ ಕನಿಕರಪಟ್ಟು ಮುಚ್ಚಳ ಹಿಡಿದುಕೊಳ್ಳಲು ಬಂದ. ಮೇಷ್ಟ್ರು ಬೇಡವೆನ್ನುವಷ್ಟರಲ್ಲಿ ಅವನ ಕೈ ತಗಲಿತ್ತು. ಮುಚ್ಚಳ ಅಲುಗಲಿಲ್ಲ, ಹೊಸ ಸ್ಪ್ರಿಂಗಿನ ಮೇಲೆ ಗಟ್ಟಿಯಾಗಿ ನಿಂತಿತ್ತು. "ಸರಿಯಾಗೇ ಇದೆಯಲ್ಲ ಸಾರ್!" ಎಂದ ದರ್ಜಿ. "ಮೆಲ್ಲಗೆ ಮಾತಾಡಪ್ಪ. ಸರಿಹೋಗಿ ಬಹಳ ದಿನ ಆಯ್ತು. ಅವಳು ಇನ್ನು ಎದ್ದು ಕೂರೋ ಹಾಗಿಲ್ಲ ಅಂದ್ಬಿಟ್ಟಿದ್ದಾರೆ ಡಾಕ್ಟ್ರು. ಅವಳಿಗೆ ಗೊತ್ತಿಲ್ಲ." ಅಷ್ಟರಲ್ಲಿ ಒಳಗಿನ ಕಿಟಕಿಯಿಂದ ಸಣ್ಣ ದನಿ ಕೇಳಿತು: "ಆಯ್ತೇನ್ರೀ? ಕೆರೆ ಹತ್ರ ಯಾವಾಗ ಹೋಗೋದು?" ಮೇಷ್ಟ್ರು ಸ್ಪ್ಯಾನರಿನಿಂದ ತಗಡಿಗೆ ಠಣ್ ಠಣ್ಣೆಂದು ಬಡಿದು ಕೂಗಿದರು: "ಇನ್ನೊಂಚೂರು ತಡಿಯೇ, ಈ ದರಿದ್ರದ್ದು ನಿಲ್ತಾನೇ ಇಲ್ಲ!"