ಆರು ತಿಂಗಳ ದೊರೆ
ಹೆತ್ತೂರಿನಲ್ಲಿ ಬಾಡಿಗೆಗಿರುವ ಇಂಗ್ಲೆಂಡಿನ ಮುದುಕ ಫಿಲಿಪ್ ದೊರೆಯನ್ನು ಕಂಡರೆ ಪಕ್ಕದ ಮನೆ ಚೌಡಮ್ಮನಿಗೆ ಹೊಟ್ಟೆಯುರಿ. ಸಕಲೇಶಪುರದ ಬ್ಯಾಂಕಿನಲ್ಲಿ ಮ್ಯಾನೇಜರೇ ಎದ್ದು ಕುರ್ಚಿ ಕೊಡುತ್ತಾರೆ, ಪಿಂಚಣಿ ಇನ್ನೂ ಬಂದಿಲ್ಲವೆಂದು ಅದೇ ಕುರ್ಚಿಯಲ್ಲಿ ದಿನವೆಲ್ಲ ಕೂರಿಸುತ್ತಾರೆ. ಅವಳ ಕಣ್ಣಿಗೆ ಬೀಳುವುದು ಕುರ್ಚಿ ಮಾತ್ರ. ವೀಸಾ ಮುಗಿಯಿತೆಂದು, ಹೊಸದು ಮಾಡಿಸಿಕೊಂಡು ಬರಲು ಆರು ತಿಂಗಳಿಗೊಮ್ಮೆ ಕೊಲಂಬೊಗೆ ವಿಮಾನ ಬೇರೆ. "ನಾನು ಮಾರನಹಳ್ಳಿ ದಾಟಿಲ್ಲ, ಈಯಪ್ಪಂಗೆ ವರ್ಷಕ್ಕೆರಡು ಸಲ ಸಮುದ್ರ!" ಎಂದು ಗೊಣಗುತ್ತಾಳೆ. "ಅಲ್ಲಿ ಬರೀ ಕ್ಯೂ ಕಣಮ್ಮ" ಎಂದು ದೊರೆ ಹೇಳಿದರೆ ನಂಬುವುದಿಲ್ಲ. ಈ ಸಲ ಅವನು ನಾಯಿಗೆ ಅನ್ನ ಹಾಕಲೆಂದು ಅವಳಿಗೆ ಕೀಲಿ ಕೊಟ್ಟು ಹೋದಾಗ, ಏನೇನು ಬಚ್ಚಿಟ್ಟಿದ್ದಾನೋ ನೋಡೋಣವೆಂದು ಒಳಹೊಕ್ಕಳು. ಹಾಸಿಗೆ ಸುತ್ತಿಟ್ಟಿತ್ತು, ಪಾತ್ರೆಗಳನ್ನು ತೊಳೆದು ಬೋರಲು ಹಾಕಿತ್ತು. ಕಾಫಿ ಫಿಲ್ಟರಿಗೆ ಅಂಟಿಸಿದ್ದ ಸೊಟ್ಟ ಕನ್ನಡದ ಚೀಟಿಯನ್ನು ಅಕ್ಷರ ಕೂಡಿಸಿ ಓದಿದಳು: "ನನ್ನನ್ನು ವಾಪಸ್ ಬಿಡದಿದ್ದರೆ, ಇದು ಚೌಡಮ್ಮನಿಗೆ." ಹತ್ತನೇ ದಿನ ದೊರೆ ಬಸ್ಸಿಳಿಯುತ್ತಿದ್ದಂತೆ ಅವಳೇ ಎದುರು ಹೋಗಿ ಕೇಳಿದಳು: "ಎಷ್ಟು ತಿಂಗಳು ಕೊಟ್ರು, ದೊರೆ? ಬರೀ ಆರೇನಾ?"