ಡೆನ್ಮಾರ್ಕಿನ ಅತ್ತೆಯ ಉಳಿದ ಸಾಮಾನು

ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇರುವ ಕನ್ನಡಕದಂಗಡಿಯ ಮಾಲೀಕರಿಗೆ ಈಗ ಐವತ್ನಾಲ್ಕು. ಅದರಲ್ಲಿ ಮೂವತ್ತು ವರ್ಷವನ್ನು ಅವರು ಒಂದೇ ಪ್ರಶ್ನೆ ಕೇಳುತ್ತ ಕಳೆದಿದ್ದಾರೆ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಗೆಂದಿರುವ ಭಾರವಾದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಮೊದಲನೇದು ಸ್ಪಷ್ಟವಾ, ಎರಡನೇದಾ?" ಎನ್ನುವುದು. ಗಿರಾಕಿ ಏನೇ ಹೇಳಲಿ, ಅವರು ತಮಗೆ ತೋಚಿದ ನಂಬರನ್ನೇ ಬರೆಯುತ್ತಾರೆ, ಅದು ಸರಿಯಾಗಿಯೇ ಇರುತ್ತದೆ. ಇದರಿಂದಾಗಿ ಲೋಕದ ಉಳಿದ ವಿಷಯಗಳಲ್ಲೂ ತಮ್ಮ ನಂಬರು ತಪ್ಪುವುದಿಲ್ಲವೆಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿ ಬೇರೂರಿದೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದು ಕಂಡಿತು ಎಂದವರಿಗೆ ಕಣ್ಣು ಪರೀಕ್ಷೆ ಆಗಬೇಕು.

ಬೀದಿಯವರು ಅವರನ್ನು ಎದುರಿಗೆ 'ಕನ್ನಡಕದವರು' ಎಂದೂ, ಬೆನ್ನ ಹಿಂದೆ 'ಡೆನ್ಮಾರ್ಕ್' ಎಂದೂ ಕರೆಯುತ್ತಾರೆ. ಈ ಎರಡನೆಯ ಹೆಸರು ಬಂದದ್ದು ಅವರ ಅತ್ತೆಯ ಮೊಣಕಾಲಿನ ದೆಸೆಯಿಂದ.

ಕನ್ನಡಕದವರ ಹೆಂಡತಿಗೆ ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸ. ದಿನವಿಡೀ ಮಕ್ಕಳನ್ನು ಸುಮ್ಮನಿರಿಸಿ ಅಭ್ಯಾಸವಾಗಿ, ಮನೆಯಲ್ಲೂ ಗಂಡನ ಮಾತು ಮೂರು ವಾಕ್ಯ ದಾಟಿದರೆ ಅವರ ಬೆರಳು ತಾನಾಗಿಯೇ ತುಟಿಯ ಮೇಲೆ ಹೋಗುತ್ತದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕನ್ನಡಕದವರ ನಾಲ್ಕನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ.

ಹೀಗಿರುವಾಗ ಅತ್ತೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಗಳ ಮನೆಗೆ ಬಂದರು. ಎಪ್ಪತ್ತಾರು ವರ್ಷದ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಊರಿಗೇ ಜೋಡಿಸಿಕೊಟ್ಟವರು. ಪಟ್ಟಣದ ಇನ್ನೊಂದು ತುದಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಎರಡು ಕೋಣೆ ಮಾಡಿಕೊಂಡು ಒಬ್ಬರೇ ಇರುವವರು. ಬಂದ ದಿನವೇ ಊರುಗೋಲನ್ನು ನೆಲಕ್ಕೆ ಕುಟ್ಟಿ ಹೇಳಿದರು: "ಆರು ವಾರ. ಡಾಕ್ಟರು ಹೇಳಿದ್ದು ಆರು, ನಾನಿರೋದು ಆರು. ಆಮೇಲೆ ನನ್ನ ಮನೆ ಬೀಗ ನಾನೇ ತೆಗೀತೀನಿ."

"ಮೂರು ಮಹಡಿ ಹೇಗಮ್ಮ ಹತ್ತುತೀಯ?" ಎಂದರು ಮಗಳು.

"ಒಂದೊಂದೇ ಮೆಟ್ಟಿಲು."

ದಿನಾ ಬೆಳಗ್ಗೆ ಕ್ಯಾಲೆಂಡರಿನ ಒಂದು ತಾರೀಖಿಗೆ ಪೆನ್ಸಿಲಿನಿಂದ ಗೀಟು ಬೀಳತೊಡಗಿತು.

ಅತ್ತೆಗೂ ಅಳಿಯನಿಗೂ ಅಲ್ಲಿಯವರೆಗೆ ನಡೆದಿದ್ದ ಮಾತುಕತೆಯನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುತ್ತಿರಲಿಲ್ಲ. "ಆರಾಮಾ?" "ಆರಾಮ." ಈಗ ಕಷ್ಟ ಬಂತು. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಅಂಗಡಿಗೆ ಬಿಡುವು, ಹೆಂಡತಿ ಶಾಲೆಯಲ್ಲಿ. ಮನೆಯಲ್ಲಿ ಉಳಿಯುವವರು ಇಬ್ಬರೇ, ಜೊತೆಗೆ ಗೋಡೆ ಗಡಿಯಾರ. ಮೂರು ವಾರ ಗಡಿಯಾರವೇ ಮಾತಾಡಿತು. ನಾಲ್ಕನೆಯ ವಾರದ ಸೋಮವಾರ, ಅದರ ಸದ್ದು ತಾಳಲಾರದೆ, ಕನ್ನಡಕದವರು ಟೀವಿ ಹಾಕಿ ಕೈಗೆ ಸಿಕ್ಕ ಗುಂಡಿ ಒತ್ತಿದರು. ಬಂದದ್ದು ಡೆನ್ಮಾರ್ಕಿನ ಒಂದು ಪತ್ತೇದಾರಿ ಧಾರಾವಾಹಿ.

ಒಂದು ಕೊಲೆ, ಇಪ್ಪತ್ತು ಎಪಿಸೋಡು, ಭಾನುವಾರ ಬಿಟ್ಟು ದಿನಕ್ಕೊಂದು. ಬಂದರಿನ ಊರು, ಬಿಡದ ಮಳೆ. ನಗು ಮರೆತ ಒಬ್ಬ ಇನ್‌ಸ್ಪೆಕ್ಟರಮ್ಮ, ಆಕೆಯ ಗಂಡ, ಅವರ ಜೊತೆಗಿರುವ ಆಕೆಯ ತಾಯಿ. ಮಾತು ಡೇನಿಶ್, ಕೆಳಗೆ ಇಂಗ್ಲಿಷಿನಲ್ಲಿ ಅಡಿಬರಹ. ಅತ್ತೆಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಅಂಕಿಗಳು ಮತ್ತು 'ಲೈನ್ ಬಿಜಿ'.

"ಏನಂತೆ?" ಎಂದು ಅತ್ತೆ ಕೇಳಿದರು.

"ಹೆಣ ಯಾರದ್ದು ಅಂತ ಗೊತ್ತಾಗಿಲ್ಲವಂತೆ."

"ಈಗೇನಂತೆ?"

ಅಷ್ಟೇ. ಕನ್ನಡಕದವರು ಅಡಿಬರಹವನ್ನು ನಮ್ಮ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಓದಲು ಶುರುಮಾಡಿದರು. ಇನ್‌ಸ್ಪೆಕ್ಟರಮ್ಮನಿಗೆ ಒಂದು ದನಿ, ಕಮಿಷನರಿಗೆ ಇನ್ನೊಂದು. ಓದಿ ಮುಗಿಸುವಷ್ಟರಲ್ಲಿ ಸಾಲು ಮಾಯವಾದರೆ ಕೈಯಿಂದ ನಾಲ್ಕು ಮಾತು ಸೇರಿಸುವರು. ನಲವತ್ತೈದು ನಿಮಿಷ ಒಂದೇ ಉಸಿರಿಗೆ ಮಾತಾಡಿದರೂ ತುಟಿಗೆ ಬೆರಳಿಡುವವರಿಲ್ಲ. ಅತ್ತೆ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಎಕ್ಸ್‌ಚೇಂಜಿನಲ್ಲಿ ಕೂರುತ್ತಿದ್ದ ಹಾಗೆ ತಲೆ ಒಂದಿಷ್ಟು ವಾಲಿಸಿ ಕೇಳುವರು. ಕನ್ನಡಕದವರಿಗೆ ಬರಗಾಲದ ಬಾವಿಗೆ ಸೆಲೆ ಒಡೆದಂತಾಯಿತು.

ಅಂಗಡಿಯಲ್ಲೂ ಡೆನ್ಮಾರ್ಕೇ ಡೆನ್ಮಾರ್ಕು. "ಕೊಲೆಗಾರ ಯಾರು ಅಂತ ಎರಡನೇ ಎಪಿಸೋಡಿಗೇ ಹಿಡಿದೆ. ಮೀನು ಗೋದಾಮಿನ ಲೆಕ್ಕಿಗ," ಎಂದು ಅಕ್ಷರದ ಫಲಕ ಓದಲು ಬಂದವರಿಗೆಲ್ಲ ಹೇಳಿದರು. ಮೂರನೆಯ ಎಪಿಸೋಡಿನಲ್ಲಿ ಲೆಕ್ಕಿಗನ ಹೆಣ ಸಿಕ್ಕಿತು. "ನಾನು ಹೇಳಲಿಲ್ಲವಾ, ಅವನಿಗೂ ಇದಕ್ಕೂ ಸಂಬಂಧ ಇದೆ ಅಂತ?" ಎಂದರು. ಇನ್‌ಸ್ಪೆಕ್ಟರಮ್ಮ ಏನೂ ಕೇಳದೆ ಸುಮ್ಮನೆ ದಿಟ್ಟಿಸಿ ನೋಡಿಯೇ ಬಾಯಿ ಬಿಡಿಸುವುದನ್ನು ಕಂಡು, ಕನ್ನಡಕದ ಆಕಾರ ಆರಿಸಲಾರದೆ ಒದ್ದಾಡುತ್ತಿದ್ದ ಗಿರಾಕಿಯೊಬ್ಬರ ಮೇಲೆ ಅದನ್ನೇ ಪ್ರಯೋಗಿಸಿದರು. ಅರ್ಧ ನಿಮಿಷದ ಮೌನಕ್ಕೆ ಬೆವೆತ ಗಿರಾಕಿ ಎರಡು ಜೊತೆ ಕೊಂಡು ಹೋದರು.

ಮನೆಯಲ್ಲಿ ಮಾತ್ರ ಕ್ಯಾಲೆಂಡರಿನ ಗೀಟು ಮುಂದೆ ಮುಂದೆ ಸಾಗುತ್ತಿತ್ತು. ಕನ್ನಡಕದವರು ಬೆಳಗ್ಗೆ ಅದರ ಕಡೆ ನೋಡುವುದನ್ನೇ ಬಿಟ್ಟರು. ಅತ್ತೆ ಹೋದರೆ ಮತ್ತೆ ಗಡಿಯಾರ, ಮತ್ತೆ ಮೂರು ವಾಕ್ಯ. 'ಇಲ್ಲೇ ಇದ್ದುಬಿಡಿ' ಎನ್ನಬೇಕು. ಆದರೆ ಎಂಥೆಂಥವರ ಕಣ್ಣಲ್ಲಿ ಕಣ್ಣಿಟ್ಟು ನಂಬರು ಹೇಳಿದವರಿಗೆ ಈ ಎರಡು ಮಾತು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ಐದನೆಯ ವಾರದ ಸೋಮವಾರ ಏಳನೆಯ ಎಪಿಸೋಡು. ಇನ್‌ಸ್ಪೆಕ್ಟರಮ್ಮನ ಗಂಡ, ಅಂದರೆ ಡೆನ್ಮಾರ್ಕಿನ ಅಳಿಯ, ಅಡುಗೆಮನೆಯಲ್ಲಿ ತನ್ನ ಅತ್ತೆಯ ಎದುರು ನಿಂತು ಮೇಜು ಗುದ್ದಿದ. ಕೆಳಗೆ ಅಡಿಬರಹ ಬಂತು: ಈ ಮನೆಯಲ್ಲಿ ನಿಮಗೆ ಜಾಗವಿಲ್ಲ, ನಾಳೆ ಬೆಳಗ್ಗೆ ಹೊರಡಿ.

ಕನ್ನಡಕದವರು ಬಾಯಿ ತೆರೆದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅತ್ತೆಯ ಕಾಲು.

"ಏನಂತೆ?"

"ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇದ್ದುಬಿಡಿ ಅಂತಿದ್ದಾನೆ," ಎಂದುಬಿಟ್ಟರು.

"ಅದಕ್ಕೆ ಮೇಜು ಯಾಕೆ ಗುದ್ದಿದ?"

"ಆ ಕಡೆಯವರು ಒತ್ತಾಯ ಮಾಡೋದೇ ಹಾಗೆ, ಅತ್ತೆ. ಚಳಿ ದೇಶ ನೋಡಿ."

ಮುಂದಿನ ದೃಶ್ಯದಲ್ಲಿ ಡೆನ್ಮಾರ್ಕಿನ ಅತ್ತೆ ಮಳೆಯಲ್ಲಿ ಸೂಟ್‌ಕೇಸ್ ಹಿಡಿದು ಹೊರಟರು.

"ಇರು ಅಂದ ಮೇಲೆ ಎಲ್ಲಿಗೆ ಹೊರಟಳು?"

"ಅವರ ಮನೇಲಿ ಉಳಿದ ಸಾಮಾನಿದೆಯಲ್ಲ, ತರೋಕೆ."

"ತರೋಕೆ ಹೋಗೋಳಿಗೆ ಸೂಟ್‌ಕೇಸ್ ಯಾಕೆ?"

"ಖಾಲಿ ಸೂಟ್‌ಕೇಸ್ ಅದು. ತುಂಬಿಸ್ಕೊಂಡು ಬರ್ತಾರೆ."

"ಖಾಲಿ ಪೆಟ್ಟಿಗೆ ಎತ್ತೋಕೆ ಹಾಗೆ ಏದುಸಿರು ಬಿಡ್ತಾಳಾ?"

"ವಯಸ್ಸಾಯ್ತಲ್ಲ ಪಾಪ," ಎಂದು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅತ್ತೆ ಅವರನ್ನೊಮ್ಮೆ ನೋಡಿ ಟೀವಿಯ ಕಡೆ ತಿರುಗಿದರು.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ಕಾಲಿತ್ತು, ಆದರೆ ವಾಪಸ್ಸು ಬರಲೊಲ್ಲದು. ಎಂಟನೆಯ ಎಪಿಸೋಡಿನಲ್ಲಿ ಡೆನ್ಮಾರ್ಕಿನ ಅತ್ತೆ ಬರಲಿಲ್ಲ, ಒಂಬತ್ತರಲ್ಲೂ ಇಲ್ಲ. "ಸಾಮಾನು ಜಾಸ್ತಿ ಇದೆಯಂತೆ," ಎಂದರು ಕನ್ನಡಕದವರು. ಹತ್ತರಲ್ಲಿ, "ಲಾರಿ ಸಿಗಲಿಲ್ಲವಂತೆ." ಹನ್ನೊಂದರಲ್ಲಿ ಇನ್‌ಸ್ಪೆಕ್ಟರಮ್ಮ ಫೋನು ಹಿಡಿದು ಅತ್ತಾಗ, "ಪಿಂಗಾಣಿ ತಟ್ಟೆ ಒಡೀತಂತೆ." ಹನ್ನೆರಡು ಮುಗಿದ ಮೇಲೆ ಅತ್ತೆ ನಿಟ್ಟುಸಿರು ಬಿಟ್ಟರು: "ಐದು ಎಪಿಸೋಡಾಯ್ತಲ್ಲ ಅಳಿಯಂದಿರೇ, ಅಷ್ಟೊತ್ತಿಗೆ ಇಡೀ ಡೆನ್ಮಾರ್ಕನ್ನೇ ಕಟ್ಟಿ ತರಬಹುದಿತ್ತು."

ಅಂದೇ, ಶನಿವಾರ ಸಂಜೆ, ಹೆಂಡತಿ ಸುದ್ದಿ ತಂದರು. "ರೀ, ನಿಮ್ಮ ಧಾರಾವಾಹಿ ರೀಮೇಕ್ ಆಗಿದೆಯಂತೆ. ನಮ್ಮ ಮಾತಿಗೇ ಡಬ್ ಆಗಿ ಬಂದಿದೆ. ಬಸ್‌ ಸ್ಟಾಪಿನಲ್ಲಿ ಇಷ್ಟು ದೊಡ್ಡ ಪೋಸ್ಟರು. ಇನ್ನು ನೀವು ಗಂಟಲು ಹರ್ಕೊಳ್ಳೋದು ಬೇಡ. ಅಮ್ಮ ತಾನೇ ನೋಡ್ತಾಳೆ."

ಕನ್ನಡಕದವರ ಮುಖ ಬದಲಾಗಲಿಲ್ಲ. "ರೀಮೇಕಾ? ಗೀರು ಬಿದ್ದ ಗಾಜು ಅದು. ನಾನು ಯಾರಿಗೂ ಶಿಫಾರಸು ಮಾಡೋಲ್ಲ."

"ನೋಡಿದೀರಾ?"

"ನೋಡೋದೇನಿದೆ? ಮೇಲಾಗಿ ಅದರಲ್ಲಿ ಬಣ್ಣ ಜಾಸ್ತಿ. ಅತ್ತೆ ಕಣ್ಣಿಗೆ ಒಳ್ಳೇದಲ್ಲ."

"ಮೊನ್ನೆ ತಾನೇ ಅಮ್ಮನ ಕಣ್ಣು ಇಪ್ಪತ್ತರ ಹುಡುಗಿ ಕಣ್ಣು ಅಂದ್ರಿ?"

"ಅದಕ್ಕೇ ಹೇಳಿದ್ದು. ಕಾಪಾಡ್ಕೋಬೇಕು."

ಮರುದಿನ ಭಾನುವಾರ ರಿಮೋಟು ಹೆಂಡತಿಯ ಕೈಯಲ್ಲಿತ್ತು. ರೀಮೇಕಿನಲ್ಲಿ ಮಳೆಯೇ ಇಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಲಿಪ್‌ಸ್ಟಿಕ್ಕು, ಹೆಣಕ್ಕೂ ತಲೆ ಬಾಚಿತ್ತು. ಎಲ್ಲವೂ ಸರಸರ. ಡೆನ್ಮಾರ್ಕಿನವರು ಏಳು ಎಪಿಸೋಡು ತೆಗೆದುಕೊಂಡದ್ದನ್ನು ಇವರು ಮೂರರಲ್ಲಿ ಮುಗಿಸುವ ಆತುರದಲ್ಲಿದ್ದರು. ಮೂರನೆಯದರಲ್ಲಿ ಅಡುಗೆಮನೆ ಕಂಡಾಗ ಕನ್ನಡಕದವರು "ಚಹಾ ಮಾಡ್ಲಾ?" ಎಂದು ಎದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ಈ ಪ್ರಶ್ನೆ ಕೇಳಿದ್ದು ಇದೇ ಮೊದಲಾದ್ದರಿಂದ ಹೆಂಡತಿಗೆ ಅನುಮಾನ ಬಂತು. "ಕೂತ್ಕೊಳ್ಳಿ," ಎಂದರು.

ರೀಮೇಕಿನ ಅಳಿಯ ಮೇಜು ಗುದ್ದಿದ. ಅಚ್ಚುಕಟ್ಟಾಗಿ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಿದ: "ಈ ಮನೇಲಿ ನಿಮಗೆ ಜಾಗ ಇಲ್ಲ. ನಾಳೆ ಬೆಳಗ್ಗೆ ಹೊರಡಿ!"

ಕೋಣೆಯಲ್ಲಿ ಗಡಿಯಾರ ಕೇಳಿಸಿತು.

"ನೋಡಿದ್ರಾ!" ಕನ್ನಡಕದವರು ಸೋಫಾದಿಂದ ಅರ್ಧ ಎದ್ದರು. "ಕಥೆನೇ ಕೆಡಿಸಿಬಿಟ್ಟರು! ಎಂಥ ಚಿನ್ನದಂಥ ಅಳಿಯ ಅವನು! ನಾನು ಮೊದಲೇ ಹೇಳಲಿಲ್ಲವಾ?"

ಗ್ರಂಥಾಲಯದವರಿಗೆ ಒಂದು ಚಟ, ಅನುಮಾನ ಬಂದರೆ ಮೂಲ ಪ್ರತಿ ತೆಗೆದು ನೋಡುವುದು. ಹೆಂಡತಿ ಡೇನಿಶ್ ಧಾರಾವಾಹಿಯ ಏಳನೆಯ ಎಪಿಸೋಡು ಹಾಕಿ, ಅದೇ ಅಡುಗೆಮನೆಗೆ ಓಡಿಸಿ, ಅಡಿಬರಹವನ್ನು ಅಕ್ಷರ ಬಿಡದೆ ನಮ್ಮ ಮಾತಿಗೆ ತಂದು ಓದಿದರು. ಜಾಗವಿಲ್ಲ. ಹೊರಡಿ. ಮುಂದಿನ ದೃಶ್ಯವನ್ನೂ ಓದಿದರು. ಅಲ್ಲಿ ಉಳಿದ ಸಾಮಾನಿನ ಸುದ್ದಿಯೇ ಇರಲಿಲ್ಲ.

"ಏನ್ರೀ ಇದು?"

ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಗಾಜಿಗೆ ಬಾಯಿದ್ದಿದ್ದರೆ ಸಾಕು ಎನ್ನುತ್ತಿತ್ತು. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಅವರನ್ನ ಯಾಕೆ ಗೋಳುಹೊಯ್ಕೋತೀಯ ಬಿಡೆ," ಎಂದರು ಅತ್ತೆ. "ನನಗೆ ಅವತ್ತೇ ಗೊತ್ತಾಗಿತ್ತು."

"ಅವತ್ತೇ?"

"ಮೂವತ್ತೊಂದು ವರ್ಷ ಕಿವಿಗೆ ಹಾಕ್ಕೊಂಡು ಕೂತೋಳು ನಾನು. ಇರು ಅನ್ನೋ ದನಿ ಯಾವುದು, ಹೋಗು ಅನ್ನೋ ದನಿ ಯಾವುದು ಅಂತ ತಿಳಿಯೋಕೆ ಭಾಷೆ ಬೇರೆ ಬೇಕಾ?"

ಕನ್ನಡಕದವರು ತಲೆ ಎತ್ತಿದರು. "ಮತ್ತೆ ಸುಮ್ಮನಿದ್ರಲ್ಲ, ಅತ್ತೆ? ಐದು ಎಪಿಸೋಡು?"

"ಎರಡು ಲೈನ್ ಬರ್ತಿತ್ತು ಅಳಿಯಂದಿರೇ. ಒಂದು ಆ ಡೆನ್ಮಾರ್ಕಿನೋನದು, ಇನ್ನೊಂದು ನಿಮ್ಮದು. ಎರಡೂ ಒಟ್ಟಿಗೆ ಬಂದರೆ ಆಪರೇಟರು ಒಂದನ್ನ ಕಟ್ ಮಾಡಬೇಕು. ಅವನದನ್ನ ಕಟ್ ಮಾಡಿದೆ."

ಇಷ್ಟು ಹೇಳಿ ಊರುಗೋಲು ಹಿಡಿದು ಕೋಣೆಗೆ ಹೋದರು. ಇರುತ್ತೇನೆ ಎನ್ನಲಿಲ್ಲ, ಹೋಗುತ್ತೇನೆ ಎನ್ನಲಿಲ್ಲ. ಸೋಮವಾರ ಬೆಳಗ್ಗೆ ಕ್ಯಾಲೆಂಡರಿನ ಮೇಲೆ ಎಂದಿನಂತೆ ಗೀಟು ಬಿತ್ತು.

ಆ ಕೊನೆಯ ವಾರ ಕನ್ನಡಕದವರು ಪ್ರಾಮಾಣಿಕರಾದರು. ಹದಿಮೂರನೆಯ ಎಪಿಸೋಡನ್ನು ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಓದಿದರು. ಕೊಲೆಯಾದವನ ತಾಯಿಯ ಅಳುವನ್ನೂ ರೈಲು ತಡವಾಗಿ ಬರುವ ಸೂಚನೆಯಂತೆ ಒಪ್ಪಿಸಿದರು.

"ಏನು ಅಳಿಯಂದಿರೇ, ಸರ್ಕಾರಿ ಪ್ರಕಟಣೆ ಓದ್ತಿದೀರಾ?"

"ಇದ್ದದ್ದು ಇದ್ದ ಹಾಗೆ, ಅತ್ತೆ."

"ಇದ್ದದ್ದು ಇದ್ದ ಹಾಗೆ ಬೇಕಿದ್ರೆ ಆ ಲಿಪ್‌ಸ್ಟಿಕ್ಕಿನೋಳನ್ನೇ ನೋಡ್ತಿದ್ನಲ್ಲ. ಕಮಿಷನರಿಗೆ ದಪ್ಪ ದನಿ ಬಿಡಿ. ಅವನಿಗೇನು ನೆಗಡಿಯಾ?"

ಕನ್ನಡಕದವರ ದನಿ ಮರಳಿತು. ಮಾರನೆಯ ದಿನ ಕೊಲೆಗಾರನ ಹೊಸ ಹೆಸರೂ ಸಿದ್ಧವಾಯಿತು, ದೋಣಿ ಕಾಯುವವನು. ಆ ಎರಡು ಮಾತು ಮಾತ್ರ ಗಂಟಲಲ್ಲೇ ಉಳಿದವು.

ಶನಿವಾರ ಆರು ವಾರ ತುಂಬಿತು. ಹದಿನೇಳು ಎಪಿಸೋಡು ಆಗಿ, ಮೂರು ಬಾಕಿ. ಅಂದು ಮಧ್ಯಾಹ್ನ ಕನ್ನಡಕದವರು ಬಾಗಿಲು ತೆರೆದು ಚಪ್ಪಲಿ ಬಿಡುತ್ತಿದ್ದ ಹಾಗೆ ಕಂಡದ್ದು ಅತ್ತೆಯ ಸೂಟ್‌ಕೇಸು. ಹೊರಬಾಗಿಲಿನ ಪಕ್ಕದಲ್ಲೇ ನಿಂತಿತ್ತು. ಅತ್ತೆ ಹೊರಡುವ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು.

"ಟ್ಯಾಕ್ಸಿ ಕರೆಸಿದೀನಿ," ಎಂದರು. "ಅದನ್ನ ಟ್ಯಾಕ್ಸಿಯಲ್ಲಿ ಇಡ್ತೀರಾ?"

ಕನ್ನಡಕದವರು ಸೂಟ್‌ಕೇಸಿನ ಮುಂದೆ ನಿಂತರು. ಮೂವತ್ತು ವರ್ಷ ಕೇಳಿದ ಪ್ರಶ್ನೆ ಒಂದೇ ಅವರ ಬಾಯಲ್ಲಿತ್ತು, ಅದೇ ಹೊರಬಂತು. "ಅತ್ತೆ, ಅಲ್ಲಿ ಮೂರನೇ ಮಹಡಿ. ಇಲ್ಲಿ ನಾನು. ಮೊದಲನೇದಾ, ಎರಡನೇದಾ?"

"ಮೊದಲು ಎತ್ತಿ."

ಕನ್ನಡಕದವರು ಆರು ವಾರದ ಬಟ್ಟೆಬರೆಯ ಭಾರವನ್ನು ಮನಸ್ಸಿನಲ್ಲೇ ತೂಗಿ, ಸೊಂಟ ಬಿಗಿಹಿಡಿದು, ಉಸಿರು ಕಟ್ಟಿ ಎತ್ತಿದರು. ಸೂಟ್‌ಕೇಸು ಗಾಳಿಪಟದಂತೆ ಮೇಲೆದ್ದು ಬಂತು. ಅವರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಚಪ್ಪಲಿ ಗೂಡಿಗೆ ಬೆನ್ನು ಕೊಟ್ಟು ನಿಂತರು.

"ಖಾಲಿ!"

"ಹೌದು, ಉಳಿದ ಸಾಮಾನು ತರೋದಿದೆ," ಎಂದರು ಅತ್ತೆ. "ಹೊಸ ಮೊಣಕಾಲಲ್ಲಿ ಮೂರು ಮಹಡಿ ನಾನು ಹತ್ತೋಲ್ಲ. ಟ್ಯಾಕ್ಸಿಯಲ್ಲಿ ಕೂತು ಏನೇನು ಅಂತ ಹೇಳ್ತೀನಿ, ನೀವು ಹತ್ತಿಳೀಬೇಕು. ಅಂಗಡಿ ಇವತ್ತು ಸಂಜೆ ಮುಚ್ಚಿರಲಿ."

"ತುಂಬಾ ಇದೆಯಾ, ಅತ್ತೆ?"

ಅತ್ತೆ ಊರುಗೋಲು ಊರಿ ಎದ್ದರು.

"ಐದು ಎಪಿಸೋಡಿಗಾಗುವಷ್ಟು. ಪಿಂಗಾಣಿ ತಟ್ಟೆ ಒಡೀಬೇಡಿ."